ಕಿವಿ ಹೇಳಿದ್ದನ್ನು ಕಾಣುವ ಕಣ್ಣು

ಕೇಳುಗರಿಗೆ ನಮಸ್ಕಾರ.

ವಿಜಯಪುರದ ಗಾಂಧಿ ಚೌಕದ ಹತ್ತಿರ ನಾನು ದಿನವೂ ಚಹಾ ಕುಡಿಯುವ ಅಂಗಡಿಯೊಂದಿದೆ. ಹಣ ಕಳುಹಿಸಿ, ಮೊಬೈಲಿನಲ್ಲಿ ಮೂಡಿದ ಹಸಿರು ಗುರುತನ್ನು ತೋರಿಸಿದರೆ ಅಂಗಡಿಯ ಕಾಕಾ ಕತ್ತೆತ್ತಿಯೂ ನೋಡುವುದಿಲ್ಲ. ಗಲ್ಲಾದ ಪಕ್ಕದ ಪುಟ್ಟ ಡಬ್ಬಿ ‘ಹತ್ತು ರೂಪಾಯಿ’ ಎಂದು ಕೂಗಿದ ಮೇಲೆಯೇ ನಮಗೆ ಬಿಡುಗಡೆ. ಕಣ್ಣು ಉಕ್ಕುವ ಹಾಲಿನ ಮೇಲಿರುವಾಗ ಅವರಿಗೆ ಬಿಡುವಾಗಿರುವುದು ಕಿವಿಯೊಂದೇ.

ಕಿವಿ ಚುರುಕೂ ಹೌದು. ಬೆಳಕು ಕಂಡೊಡನೆ ಗುಂಡಿ ಒತ್ತಲು ನಮಗೆ ಸುಮಾರು 190 ಮಿಲಿಸೆಕೆಂಡು ಬೇಕು. ಸದ್ದು ಕೇಳಿದೊಡನೆ ಒತ್ತಲು ಸುಮಾರು 150 ಸಾಕು. ಆಕಾಶದಲ್ಲಿ ಮಿಂಚು ಮೊದಲು. ತಲೆಯೊಳಗೆ ಗುಡುಗೇ ಮುಂದು.

ಇದಕ್ಕಿಂತ ಸ್ವಾರಸ್ಯವಿರುವುದು ಕಿವಿ ಕಣ್ಣನ್ನು ಮರುಳು ಮಾಡುವಲ್ಲಿ. 2000ನೇ ಇಸವಿಯಲ್ಲಿ ಲಾಡನ್ ಶಾಮ್ಸ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಕಂಪ್ಯೂಟರ್ ಪರದೆಯ ಮೇಲೆ ಬಿಳಿಯ ಚುಕ್ಕೆಯೊಂದನ್ನು ಒಂದೇ ಸಲ ಮಿನುಗಿಸಿ, ಜೊತೆಗೆ ಎರಡು ‘ಬೀಪ್’ ಕೇಳಿಸಿದರು. ಚುಕ್ಕೆ ಎರಡು ಸಲ ಮಿನುಗಿತು ಎಂದರು ನೋಡಿದವರು. ಲೆಕ್ಕ ತಪ್ಪಿದ್ದಲ್ಲ, ಅವರಿಗೆ ಹಾಗೆಯೇ ಕಂಡಿತ್ತು. ಅದಕ್ಕೂ ಮೂರು ವರ್ಷ ಮೊದಲಿನ ಪ್ರಯೋಗ ಇನ್ನೂ ಚೆಂದ. ಎರಡು ಬಿಲ್ಲೆಗಳು ಎದುರುಬದುರಾಗಿ ಬಂದು, ನಡುವೆ ಸಂಧಿಸಿ, ಮುಂದೆ ಸಾಗುತ್ತವೆ. ಸದ್ದಿಲ್ಲದಿದ್ದರೆ ಒಂದನ್ನೊಂದು ದಾಟಿದಂತೆ ಕಾಣುತ್ತದೆ. ಸಂಧಿಸಿದ ಕ್ಷಣಕ್ಕೆ ‘ಟಕ್’ ಎಂದು ಸದ್ದು ಸೇರಿಸಿದರೆ, ಡಿಕ್ಕಿ ಹೊಡೆದು ಹಿಂದಿರುಗಿದವು ಎನ್ನುವವರು ಹೆಚ್ಚುತ್ತಾರೆ. ಚಿತ್ರ ಅದೇ!

ಹಾಗಾದರೆ ನಮ್ಮ ಗೋಳಗುಮ್ಮಟದಲ್ಲಿ ಒಂದು ಚಪ್ಪಾಳೆ ಹಲವಾಗಿ ಮರಳಿದಾಗ, ಕೈಗಳು ಹಲವು ಸಲ ತಟ್ಟಿದಂತೆ ಏಕೆ ಕಾಣುವುದಿಲ್ಲ? ಅಲ್ಲಿ ಪ್ರತಿಧ್ವನಿ ತಡವಾಗಿ, ಬಿಡಿಬಿಡಿಯಾಗಿ ಬರುತ್ತದೆ. ಚುಕ್ಕೆಯ ಭ್ರಮೆಗಾದರೋ ಬೀಪ್ ಮಿನುಗಿನ ಆಸುಪಾಸಿನಲ್ಲೇ, ಸುಮಾರು 100 ಮಿಲಿಸೆಕೆಂಡಿನೊಳಗೆ ಕೇಳಿಸಬೇಕು. ಸದ್ದಿನ ಬಲವೆಲ್ಲ ಅದರ ವೇಳೆಯಲ್ಲಿದೆ. ಯಂತ್ರಗಳಿಗೆ ಸದ್ದು ಕೂಡಿಸುವವರು ಇಂಪಿನ ಬಗ್ಗೆ ತಲೆಕೆಡಿಸಿಕೊಳ್ಳುವಷ್ಟು ಈ ವೇಳೆಯ ಬಗ್ಗೆ ಕೆಡಿಸಿಕೊಳ್ಳುವುದಿಲ್ಲ ಎಂಬುದು ನನ್ನ ದೂರು.

ಕಳೆದ ತಿಂಗಳು ಕಚೇರಿಯೊಂದರ ಟೋಕನ್ ಯಂತ್ರದ ಮುಂದೆ, ರುಮಾಲು ಸುತ್ತಿದ ಹಿರಿಯರೊಬ್ಬರು ಪರದೆಯನ್ನು ಒತ್ತಿದರು. ಪರದೆಯ ಬಣ್ಣವೇನೋ ಬದಲಾಯಿತು, ಸದ್ದು ಮಾತ್ರ ಬರಲಿಲ್ಲ. ಮತ್ತೆ ಒತ್ತಿದರು. ಆಗ ತಡವಾಗಿ ಎರಡು ಬೀಪ್, ಎರಡು ಚೀಟಿ. ಎರಡನ್ನೂ ಹಿಡಿದು, ತಮ್ಮ ಸಂಖ್ಯೆ ಕೂಗುತ್ತಾರೆಂದು ಕಿವಿಗೊಟ್ಟು ಕುಳಿತರು. ಎದುರಿನ ಫಲಕದಲ್ಲಿ ಆ ಎರಡೂ ಸಂಖ್ಯೆಗಳು ಸದ್ದಿಲ್ಲದೆ ಮಿನುಗಿ, ಮುಂದಕ್ಕೆ ಹೋದವು.