ಬೀಗದ ಕೈ ಎಲ್ಲಿತ್ತು?

ಎಲ್ಲರಿಗೂ ನಮಸ್ಕಾರ.

ಇವತ್ತು ಇಲ್ಲಿಗೆ ಹೊರಡುವಾಗ ಬೀಗದ ಕೈ ಕಾಣಲಿಲ್ಲ. ಇಡೀ ಮನೆ ಜಾಲಾಡಿದೆ. ಕೊನೆಗೆ ನಿನ್ನೆ ಹಾಕಿದ್ದ ಪ್ಯಾಂಟಿನ ಜೇಬಿನಲ್ಲಿ ಸಿಕ್ಕಿತು. ಈ 'ಜೇಬಿನಲ್ಲಿ' ಅನ್ನುವ ಪದ ಹಿಡಿದುಕೊಂಡೇ ಮಾತು ಶುರು ಮಾಡುತ್ತೇನೆ.

ಶಾಲೆಯಲ್ಲಿ ನಾವೆಲ್ಲ ವಿಭಕ್ತಿ ಪ್ರತ್ಯಯ ಬಾಯಿಪಾಠ ಮಾಡಿದವರೇ: ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ. ಜಾಗ ಅಂದರೆ ಸಪ್ತಮಿ, ಅಂದರೆ ಕೊನೆಯ 'ಅಲ್ಲಿ', ಮುಗೀತು. (ಆ 'ದೆಸೆಯಿಂದ'ವನ್ನು ಮಾತಿನಲ್ಲಿ ಬಳಸಿದವರನ್ನು ನಾನಂತೂ ನೋಡಿಲ್ಲ. ಇರಲಿ.) ಆದರೆ ಜೇಬಿಗೆ ಹಾಕಿದೆ, ಜೇಬಿನಿಂದ ತೆಗೆದೆ ಅಂದಾಗಲೂ ಜಾಗದ ಮಾತೇ ಅಲ್ವಾ? ಗೆ, ಅಲ್ಲಿ, ಇಂದ, ಈ ಮೂರೂ ಸೇರಿ ಮಾಡುವ ಕೆಲಸ ಅದು.

ಈಗ ಫಿನ್‌ಲ್ಯಾಂಡಿಗೆ ಹೋಗೋಣ. ಫಿನ್ನಿಶ್ ಭಾಷೆಯಲ್ಲಿ 15 ವಿಭಕ್ತಿ. ಅದರಲ್ಲಿ 6 ಜಾಗಕ್ಕೇ ಮೀಸಲು. ಒಳಗಿನ ಜಾಗಕ್ಕೆ ಮೂರು, ಹೊರಗಿನ ಅಥವಾ ಮೇಲಿನ ಜಾಗಕ್ಕೆ ಮೂರು. 'ತಸ್ಕು' ಅಂದರೆ ಜೇಬು. ಜೇಬಿನಲ್ಲಿ ಅನ್ನಲು ತಸ್ಕುಸ್ಸ, ಜೇಬಿಗೆ ಅನ್ನಲು ತಸ್ಕೂನ್, ಜೇಬಿನಿಂದ ಅನ್ನಲು ತಸ್ಕುಸ್ತ. ಇಲ್ಲಿಯವರೆಗೆ ನಮ್ಮ ಹಾಗೇ.

ನನ್ನ ಬೀಗದ ಕೈ ಕಥೆಯನ್ನು ಅವರು ಹೇಳಿದರೆ ಮಾತ್ರ ತಮಾಷೆ. ನಾನು 'ಜೇಬಿನಲ್ಲೇ ಉಳಿದಿತ್ತು' ಅನ್ನುತ್ತೇನೆ. ಅವರು 'ಜೇಬಿಗೆ ಉಳಿಯಿತು' ಅನ್ನುತ್ತಾರೆ, ತಸ್ಕೂನ್. ನಾನು 'ಜೇಬಿನಲ್ಲಿ ಸಿಕ್ಕಿತು' ಅಂದರೆ ಅವರು 'ಜೇಬಿನಿಂದ ಸಿಕ್ಕಿತು', ತಸ್ಕುಸ್ತ. ಬೀಗದ ಕೈ ಪಾಪ ರಾತ್ರಿಯೆಲ್ಲ ಒಂದೇ ಕಡೆ ಬಿದ್ದುಕೊಂಡಿತ್ತು. ಆದರೆ ಉಳಿಯುವುದರಲ್ಲಿ, ಮರೆಯುವುದರಲ್ಲಿ ಅವರಿಗೆ ಒಳಗೆ ಹೋಗುವ ಚಲನೆ ಕಾಣುತ್ತದೆ. ಹುಡುಕುವುದು, ಸಿಗುವುದರಲ್ಲಿ ಹೊರಗೆ ಬರುವ ಚಲನೆ. ವಸ್ತು ಎಲ್ಲಿದೆ ಅನ್ನುವುದಕ್ಕಿಂತ, ನಡೆದದ್ದನ್ನು ಆ ಭಾಷೆ ಹೇಗೆ ನೋಡುತ್ತದೆ ಅನ್ನುವುದನ್ನೇ ವಿಭಕ್ತಿ ಜಾಸ್ತಿ ಹೇಳುತ್ತದೆ.

ಊರುಗಳ ಹೆಸರಿನಲ್ಲಂತೂ ಸುಮ್ನೆ ನೆನಪಿಟ್ಟುಕೊಳ್ಳಬೇಕು. ಹೆಲ್ಸಿಂಕಿಯ 'ಒಳಗೆ' ಇರುತ್ತಾರೆ, ತಂಪೆರೆಯ 'ಮೇಲೆ' ಇರುತ್ತಾರೆ.

ಬಸ್ಸಿನ ವಿಷಯಕ್ಕೆ ಬನ್ನಿ. 'ಬಸ್ಸಲ್ಲಿ ಇದ್ದೀನಿ', 'ಬಸ್ಸಲ್ಲಿ ಬಂದೆ'. ನಮಗೆ ಎರಡಕ್ಕೂ ಒಂದೇ 'ಅಲ್ಲಿ'. ಫಿನ್ನಿಶ್‌ನವರು ಒಳಗೆ ಕೂತಿದ್ದರೆ ಬುಸ್ಸಿಸ್ಸ ಅನ್ನುತ್ತಾರೆ, ಬಸ್ಸು ಹಿಡಿದು ಬಂದಿದ್ದರೆ ಬುಸ್ಸಿಲ್ಲ ಅನ್ನುತ್ತಾರೆ. ಹೌದು, ಬುಸ್ಸಿಲ್ಲ. ನಮ್ಮವರ ಕಿವಿಗೆ ಬಿದ್ದರೆ ನಡೆದೇ ಹೊರಟಾರು.

ಇನ್ನು ಮನುಷ್ಯರು. ಬೆಂಗಳೂರಿಗೆ ಹೋದೆ, ಆಸ್ಪತ್ರೆಗೆ ಹೋದೆ ಅನ್ನುತ್ತೇವೆ. 'ಡಾಕ್ಟರಿಗೆ ಹೋದೆ' ಅನ್ನುವುದಿಲ್ಲ, 'ಡಾಕ್ಟರ ಹತ್ತಿರ ಹೋದೆ' ಅನ್ನುತ್ತೇವೆ. ಅಪ್ಪನಿಗೆ ಕೊಡಬಹುದು, ಅಪ್ಪನಿಗೆ ಹೋಗಲಾಗದು. ಕನ್ನಡಕ್ಕೆ ಮನುಷ್ಯ ಒಂದು ಜಾಗವಲ್ಲ. ಹತ್ತಿರ, ಬಳಿ ಅಂತ ಪಕ್ಕದಲ್ಲಿ ಒಂದು ಜಾಗ ಮಾಡಿಕೊಂಡೇ ಹೋಗಬೇಕು. ಡಾಕ್ಟರ ವಿಷಯದಲ್ಲಿ ಫಿನ್ನಿಶ್‌ನವರಿಗೆ ಈ ಸಂಕೋಚ ಇಲ್ಲ. ಅವರು ನೇರವಾಗಿ ಡಾಕ್ಟರ 'ಒಳಕ್ಕೇ' ಹೋಗುತ್ತಾರೆ!

ನಮ್ಮ 'ಅಲ್ಲಿ' ಪ್ರತ್ಯಯ ಎಲ್ಲಿಂದ ಬಂತು? ದೂರ ಹುಡುಕಬೇಕಿಲ್ಲ. 'ಇಲ್ಲಿ ಅಲ್ಲಿ' ಅನ್ನುವಾಗಿನ ಅಲ್ಲಿಯೇ ಅದು. ಕನ್ನಡ ವ್ಯಾಕರಣ ಬರೆದ 13ನೇ ಶತಮಾನದ ಕೇಶಿರಾಜ ಸಪ್ತಮಿಗೆ ಹೇಳಿದ್ದು 'ಒಳ್'. ಅದೂ ಜಾಗದ ಪದವೇ, 'ಒಳಗೆ' ಅನ್ನುವುದರ ಒಳ್. ಬರವಣಿಗೆಯಿಂದ ಅದು ಹೊರಟುಹೋಯಿತು ಅನಿಸುತ್ತದೆ, ಆದರೆ ಧಾರವಾಡದ ಕಡೆಯ 'ಮನ್ಯಾಗ', 'ಊರಾಗ' ಕೇಳಿ. ಮನೆಯೊಳಗೆ, ಊರೊಳಗೆ ಸವೆದು ಹಾಗಾಗಿದೆ. ಮೈಸೂರಿನವರು 'ಮನೇಲಿ' ಅಂತ ಅಲ್ಲಿಯನ್ನು ಸವೆಸಿದರು, ನಾವು ಒಳಗೆಯನ್ನು ಸವೆಸಿದೆವು.

'ನಾವು' ಅಂದೆ, ಯಾಕೆಂದರೆ ನಾನು ಆ ಕಡೆಯವನು. ಹಾಸ್ಟೆಲಿನಲ್ಲಿ ನನ್ನ ಜೊತೆ ಪುತ್ತೂರಿನ ಹುಡುಗನೊಬ್ಬನಿದ್ದ. ಒಂದು ದಿನ ಬಂದು 'ವಾರ್ಡನ್‌ನಲ್ಲಿ ಹೇಳಿದ್ದೇನೆ ಮಾರಾಯ' ಅಂದ. ನಾನು 'ವಾರ್ಡನ್ ಹೊಟ್ಟ್ಯಾಗ ಹೊಕ್ಕು ಹೇಳಿಬಂದ್ಯೇನೋ?' ಅಂತ ನಕ್ಕೆ. ಆಮೇಲೆ ಗೊತ್ತಾಯಿತು, ಅದರ ಹಿಂದೆ ತುಳು ಇದೆ. ತುಳುವಿನಲ್ಲಿ ಅವನಿಗೆ ಕೊಡು ಅನ್ನಲು 'ಆಯಗ್ ಕೊರ್ಲ', ಅವನಿಗೆ ಹೇಳು ಅನ್ನಲು 'ಆಯಡ ಪಣ್ಲ'. ಕೊಡುವುದಕ್ಕೆ ಒಂದು ಪ್ರತ್ಯಯ, ಹೇಳುವುದಕ್ಕೆ ಕೇಳುವುದಕ್ಕೆ ಇನ್ನೊಂದು. ಮನೆಯಲ್ಲಿ ಅನ್ನುವ 'ಇಲ್ಲಡ್'ನ ಡ್‌ಗೂ ಆ ಡ-ಗೂ ಹೋಲಿಕೆ ನೋಡಿ. ಆ ಬೇರೆತನ ಉಳಿಸಿಕೊಳ್ಳಲಿಕ್ಕೇ ಕರಾವಳಿಯವರು ಕನ್ನಡದ ಅಲ್ಲಿಯನ್ನು ಕೆಲಸಕ್ಕೆ ಹಚ್ಚಿದ್ದಾರೆ ಅಂತ ನನಗನಿಸುತ್ತದೆ. ನಕ್ಕಿದ್ದು ನನ್ನ ತಪ್ಪು.

ಈಗ ಪ್ರಶ್ನೆಗಳಿದ್ದರೆ ಕೇಳಿ. ನನ್ನನ್ನು ಕೇಳಿ, ನನಗೆ ಕೇಳಿ, ನನ್ನಲ್ಲಿ ಕೇಳಿ, ನಿಮ್ಮ ಊರಲ್ಲಿ ಹೇಗೋ ಹಾಗೆ.