ಐದನೇ ಒಲಿಂಪಿಕ್ಸ್‌ನಲ್ಲಿ ಸಿಕ್ಕ ಚಿನ್ನ

ಕೇಳುಗರಿಗೆ ನಮಸ್ಕಾರ. ಇವತ್ತು ಅಲ್ಯೋನಾ ಸಾವ್ಚೆಂಕೊ ಬಗ್ಗೆ ಹೇಳ್ತೀನಿ. ಮಂಜುಗಡ್ಡೆಯ ಮೇಲೆ ಗಂಡು ಹೆಣ್ಣು ಜೋಡಿಯಾಗಿ ಆಡುವ ಫಿಗರ್ ಸ್ಕೇಟಿಂಗ್‌ನಲ್ಲಿ ಜರ್ಮನಿಗೆ ಚಿನ್ನ ತಂದುಕೊಟ್ಟವರು. ಆಗ ಅವರಿಗೆ 34 ವರ್ಷ. ಅದು ಅವರ ಐದನೇ ಒಲಿಂಪಿಕ್ಸ್.

ಹುಟ್ಟಿದ್ದು 1984ರಲ್ಲಿ, ಉಕ್ರೇನ್‌ನ ಕೀವ್ ಹತ್ತಿರದ ಒಬುಖಿವ್‌ನಲ್ಲಿ. 2000ದಲ್ಲಿ ಸ್ತಾನಿಸ್ಲಾವ್ ಮೊರೊಜೊವ್ ಜೊತೆ ಜೂನಿಯರ್ ವಿಶ್ವ ಚಾಂಪಿಯನ್ ಆದರು. 2002ರ ಒಲಿಂಪಿಕ್ಸ್‌ನಲ್ಲಿ ಈ ಜೋಡಿಗೆ 15ನೇ ಸ್ಥಾನ. ಆಮೇಲೆ ಜೋಡಿ ಒಡೆಯಿತು. ಈ ಆಟದ ಕಷ್ಟವೇ ಅದು. ಒಬ್ಬರು ಬಿಟ್ಟರೆ ಇನ್ನೊಬ್ಬರ ಆಟವೂ ನಿಂತ ಹಾಗೆ. ಅಲ್ಯೋನಾ ಸುಮ್ನೆ ಕೂರಲಿಲ್ಲ. 2003ರಲ್ಲಿ ಜರ್ಮನಿಯ ಕೆಮ್ನಿಟ್ಸ್‌ಗೆ ಹೋದರು. ಅಲ್ಲಿ ಕೋಚ್ ಇಂಗೊ ಸ್ಟಾಯರ್ ಕೈಕೆಳಗೆ ರಾಬಿನ್ ಜೋಲ್ಕೊವಿ ಜೊತೆ ಮೊದಲಿಂದ ಶುರು ಮಾಡಿದರು. 2005ರ ಕೊನೆಗೆ ಜರ್ಮನಿಯ ಪೌರತ್ವವೂ ಸಿಕ್ಕಿತು.

ಇಬ್ಬರೂ ಸೇರಿ ಐದು ಸಲ ವಿಶ್ವ ಚಾಂಪಿಯನ್ ಆದರು. ಒಲಿಂಪಿಕ್ಸ್‌ಗೆ ಬಂದರೆ ಮಾತ್ರ 2010ರಲ್ಲಿ ಕಂಚು, 2014ರಲ್ಲೂ ಕಂಚು. 2014ರ ಒಲಿಂಪಿಕ್ಸ್ ನಡೆದ ಸೋಚಿಯಲ್ಲಿ ಕೊನೆಯ ಗಳಿಗೆಯಲ್ಲಿ ಅಲ್ಯೋನಾ ಬಿದ್ದುಬಿಟ್ಟರು. ಆ ವರ್ಷವೇ ರಾಬಿನ್ ಆಟ ನಿಲ್ಲಿಸಿದರು. ಮೂವತ್ತು ದಾಟಿದವರಿಗೆ ಇಷ್ಟು ಸಾಕು ಅನ್ನಿಸಬೇಕಿತ್ತು, ಅಲ್ವಾ? ಅವರಿಗೆ ಅನ್ನಿಸಲಿಲ್ಲ.

ಹೊಸ ಜೊತೆಗಾರ ಬ್ರೂನೊ ಮಾಸ್ಸೊ ಫ್ರಾನ್ಸಿನವರು. ಜರ್ಮನಿಯ ಪರ ಆಡಲು ಫ್ರಾನ್ಸ್ ಅವರನ್ನು ಬಿಟ್ಟುಕೊಡೋಕೆ 2015ರ ಅಕ್ಟೋಬರ್ ತನಕ ಕಾಯಬೇಕಾಯಿತು. ಜರ್ಮನ್ ಪೌರತ್ವಕ್ಕೆ ಭಾಷೆಯ ಪರೀಕ್ಷೆ ಬೇರೆ. ಬ್ರೂನೊ ಒಮ್ಮೆ ಫೇಲಾದರು. ಪೌರತ್ವ ಕೈಗೆ ಬರುವಾಗ 2017ರ ನವೆಂಬರ್. ಒಲಿಂಪಿಕ್ಸ್‌ಗೆ ಉಳಿದದ್ದು ಮೂರೇ ತಿಂಗಳು.

2018ರ ಫೆಬ್ರವರಿ, ದಕ್ಷಿಣ ಕೊರಿಯಾದ ಪ್ಯೊಂಗ್‌ಚಾಂಗ್. ಮೊದಲ ದಿನ ಬ್ರೂನೊ ಮೂರು ಸುತ್ತಿನ ಜಿಗಿತದಲ್ಲಿ ಎರಡೇ ಸುತ್ತು ಹಾಕಿದರು. ಜೋಡಿ ನಾಲ್ಕನೇ ಸ್ಥಾನಕ್ಕೆ ಇಳಿಯಿತು. ಮುಂದಿದ್ದ ಚೀನಾದ ಜೋಡಿಗೂ ಇವರಿಗೂ 5.80 ಅಂಕಗಳ ಅಂತರ.

ಮಾರನೇ ದಿನದ ಆಟವನ್ನು ನಾನು ಎಷ್ಟು ಸಲ ನೋಡಿದ್ದೇನೋ! ಅದರಲ್ಲಿ ಒಂದು ಎಸೆತ ಬರುತ್ತೆ. ಬ್ರೂನೊ ಅಲ್ಯೋನಾರ ಸೊಂಟ ಹಿಡಿದು ಎಸೆಯುತ್ತಾರೆ. ಅಲ್ಯೋನಾ ಕೈಗಳನ್ನು ಎದೆಗೆ ಒತ್ತಿಕೊಂಡು ಗಾಳಿಯಲ್ಲೇ ಮೂರು ಸುತ್ತು ತಿರುಗಿ, ಒಂದೇ ಕಾಲಿನ ಮೇಲೆ ಇಳಿದು ಹಿಂದಕ್ಕೆ ಜಾರುತ್ತಾ ಹೋಗುತ್ತಾರೆ. ಅಷ್ಟು ಎತ್ತರದಿಂದ ಇಳಿಯೋರಿಗೆ ಆಧಾರ ಅಂತ ಇರೋದು ನಾಲ್ಕು ಮಿಲಿಮೀಟರ್ ದಪ್ಪದ ಒಂದು ಬ್ಲೇಡ್. ಪ್ರತಿ ಸಲ ನನ್ನ ಉಸಿರು ಅಲ್ಲೇ ನಿಂತುಬಿಡುತ್ತೆ, ಬೀಳೋದಿಲ್ಲ ಅಂತ ಗೊತ್ತಿದ್ದರೂ.

ಆ ದಿನದ ಆಟಕ್ಕೆ 159.31 ಅಂಕ ಬಂತು. ಆಗಿನ ವಿಶ್ವ ದಾಖಲೆ ಅದು. ಆದರೂ ಇನ್ನೂ ಮೂರು ಜೋಡಿಗಳು ಆಡೋದು ಬಾಕಿ ಇತ್ತು. ಕೂತು ಕಾಯಬೇಕು, ಬೇರೆ ದಾರಿಯಿಲ್ಲ. ಕೊನೆಗೆ ಎರಡೂ ದಿನದ ಅಂಕ ಕೂಡಿದ ಲೆಕ್ಕ ಬಂತು. ಇವರದು 235.90, ಚೀನಾದವರದು 235.47. ಬರೀ 0.43 ಅಂಕ ಜಾಸ್ತಿ! ಜೋಡಿ ಸ್ಕೇಟಿಂಗ್‌ನಲ್ಲಿ 1952ರ ನಂತರ ಜರ್ಮನಿಯ ಹೆಸರಲ್ಲಿ ಬಂದ ಮೊದಲ ಚಿನ್ನ.

ಮುಂದಿನ ತಿಂಗಳೇ ಮಿಲಾನ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್. ಅಲ್ಲಿ ಅವರು ಎರಡನೇ ದಿನದ ಆಟದ ತಮ್ಮ ದಾಖಲೆಯನ್ನು ತಾವೇ ಮುರಿದು 162.86 ಅಂಕ ಗಳಿಸಿದರು. ಅಲ್ಯೋನಾಗೆ ಅದು ಆರನೇ ವಿಶ್ವ ಪಟ್ಟ.