ಮೂರು ದಿನಕ್ಕೆ ಸಮುದ್ರ ಕೈಗೆ ಸಿಗಲ್ಲ

ಎಲ್ಲರಿಗೂ ನಮಸ್ಕಾರ. ಇವತ್ತು ಕಡಲ ತೀರದ ಕಲಾ ಶಿಬಿರಗಳ ಬಗ್ಗೆ ಮಾತಾಡಲೇಬೇಕು.

ಹೋದ ವರ್ಷ ಕರಾವಳಿಯ ಒಂದು ಶಿಬಿರಕ್ಕೆ ಹೋಗಿದ್ದೆ. ದಾವಣಗೆರೆಯಿಂದ ರಾತ್ರಿ ಬಸ್ಸು, ಹೆಗಲಿಗೆ ಬಣ್ಣದ ಚೀಲ, ಕಂಕುಳಲ್ಲಿ ಕ್ಯಾನ್ವಾಸು. ಬರೀ ಕಪ್ಪು ಬಂಡೆಗಳ ತೀರ, ಅಲೆ ಬಡಿದರೆ ಸದ್ದು ಎದೆಯೊಳಗೇ ಕೇಳುವಂಥ ಜಾಗ. ಆದರೆ ಮೊದಲ ದಿನ ಉದ್ಘಾಟನೆ, ಹಾರ, ಭಾಷಣ, ಗ್ರೂಪ್ ಫೋಟೋದಲ್ಲೇ ಕಳೆಯಿತು. ಎರಡನೇ ದಿನ ಚಿತ್ರ ಬರೆಯಬೇಕು, ಮೂರನೇ ದಿನ ಸಮಾರೋಪದ ಹೊತ್ತಿಗೆ ಅದು ಒಣಗಿ ಆಯೋಜಕರ ಕೈ ಸೇರಬೇಕು. ನಾನು ಮನೆಯಲ್ಲೇ ನೂರು ಸಲ ಬರೆದಿದ್ದ ದೋಣಿ, ತೆಂಗಿನ ಮರಗಳನ್ನೇ ಬರೆದು ಕೊಟ್ಟು ಬಂದೆ. ಆ ಸಂಕಟ ಇನ್ನೂ ಹೋಗಿಲ್ಲ.

ಬಯಲುಸೀಮೆಯವರಿಗೆ ಅಲ್ಲಿನ ಗಾಳಿಯೇ ಹೊಸದು. ನಮ್ಮೂರ ಬಿಸಿಲಿಗೆ ಅಕ್ರಿಲಿಕ್ ಬಣ್ಣ ಕಲಸುವ ಪ್ಯಾಲೆಟ್ ಮೇಲೇ ಗಟ್ಟಿಯಾಗುತ್ತದೆ, ಅಲ್ವಾ? ಅಲ್ಲಿ ಜಲವರ್ಣದ ಒಂದು ವಾಶ್, ಅಂದರೆ ನೀರು ಬೆರೆಸಿದ ತೆಳು ಪದರ, ಹಾಕಿದರೆ ಎಷ್ಟು ಹೊತ್ತಾದರೂ ಹಸಿ ಹಸಿ. ಕೈ ಮಾತ್ರ ದಾವಣಗೆರೆಯ ಲೆಕ್ಕದಲ್ಲೇ ಎರಡನೇ ಬಣ್ಣ ಹಾಕಿಬಿಡುತ್ತದೆ, ಎಲ್ಲ ಕಲಸಿ ಕೆಸರಾಗುತ್ತದೆ. ಆ ತೇವ ಕೈಗೆ ಒಗ್ಗುವುದಕ್ಕೇ ಒಂದು ವಾರ ಬೇಕು.

ಫ್ರೆಂಚ್ ಚಿತ್ರಕಾರ ಕ್ಲೋಡ್ ಮೋನೆ 1886ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನ ಬೆಲ್ ಈಲ್ ದ್ವೀಪಕ್ಕೆ ಹೋದಾಗ ಹದಿನೈದು ದಿನ ಇದ್ದು ಬರೋಣ ಅಂತಲೇ ಹೋಗಿದ್ದು. ಉಳಿದಿದ್ದು ಎರಡು ತಿಂಗಳಿಗೂ ಜಾಸ್ತಿ. ಕಡಿದಾದ ಬಂಡೆಗಳ ತೀರ, ಬಿರುಗಾಳಿ, ಮಳೆ. ಒಂದೇ ಬಂಡೆಯನ್ನು ಬೇರೆ ಬೇರೆ ಹವೆಯಲ್ಲಿ ಮತ್ತೆ ಮತ್ತೆ ಬರೆದು, ಹತ್ತಿರ ಹತ್ತಿರ 40 ಚಿತ್ರ ಮಾಡಿದ. ಅವನನ್ನು ಬೇಗ ಮುಗಿಸಿ ಕೊಡು ಅಂತ ಅವಸರ ಮಾಡುವವರು ಅಲ್ಲಿರಲಿಲ್ಲ.

ಹಾಗಾಗಿ ಶಿಬಿರ ಮಾಡುವವರಲ್ಲಿ ನನ್ನದು ಒಂದೇ ಬೇಡಿಕೆ. ಇಪ್ಪತ್ತು ಜನರನ್ನು ಮೂರು ದಿನ ಕರೆಯುವ ಬದಲು ಮೂರು ಜನರನ್ನು ಇಪ್ಪತ್ತು ದಿನ ಇಟ್ಟುಕೊಳ್ಳಿ. ಊಟ, ಒಂದು ಕೋಣೆ, ಅಷ್ಟು ಸಾಕು. ಚಿತ್ರ ಆಮೇಲೆ ಕೇಳಿ. ಅದೂ ಜೂನ್, ಜುಲೈನಲ್ಲಿ ಕರೆಯಿರಿ. ಆಗ ಯಾಂತ್ರಿಕ ಮೀನುಗಾರಿಕೆಗೆ 61 ದಿನ ನಿಷೇಧ ಇರುತ್ತದೆ, ದೊಡ್ಡ ಬೋಟುಗಳೆಲ್ಲ ದಡಕ್ಕೆ ಬಂದಿರುತ್ತವೆ, ಜನ ಕೂತು ಬಲೆ ಸರಿಮಾಡುತ್ತಿರುತ್ತಾರೆ, ಕಡಲು ತನ್ನ ಪೂರ್ತಿ ಸಿಟ್ಟಿನಲ್ಲಿರುತ್ತದೆ. ಚಿತ್ರಕಾರನಿಗೆ ಬೇಕಾದ್ದು ಅದೇ ಸಮುದ್ರ!

ಇನ್ನೊಂದು ವಿಷಯ. ಚಿತ್ರದುರ್ಗ ಜಿಲ್ಲೆಯಲ್ಲಿ ಐಮಂಗಲದ ಹತ್ತಿರ ಮರಡಿಹಳ್ಳಿ ಇದೆ. ಅಲ್ಲಿ ದಿಂಬು ಪೇರಿಸಿಟ್ಟಂತೆ ಕಾಣುವ ಲಾವಾ ಕಲ್ಲುಗಳಿವೆ. ನೀರಿನ ಅಡಿಯಲ್ಲಿ ಉಕ್ಕಿದ ಲಾವಾದ ಹೊರಮೈ ತಟ್ಟನೆ ತಣ್ಣಗಾದರೆ ಮಾತ್ರ ಆ ಆಕಾರ ಬರುತ್ತದೆ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ನಮ್ಮ ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳ ಹಾಗೇ. ಒಂದು ಕಾಲಕ್ಕೆ ನೀರು ನಿಂತಿದ್ದ ಜಾಗದಲ್ಲಿ ಈಗ ಕುರಿ ಮೇಯುತ್ತವೆ, ಬಿಸಿಲು ಕಲ್ಲನ್ನು ಕಾಯಿಸುತ್ತದೆ. ಬರೆಯಲು ಇದಕ್ಕಿಂತ ಇನ್ನೇನು ಬೇಕು?

ಈ ಮಳೆಗಾಲದಲ್ಲಿ ನಾನು ಮೊದಲು ಮರಡಿಹಳ್ಳಿಯಲ್ಲಿ ಹತ್ತು ದಿನ ಇದ್ದು, ಆಮೇಲೆ ಕಡಲಿಗೆ ಇಳಿಯುತ್ತೇನೆ. ಐಮಂಗಲದ ಕಡೆ ಬಾಡಿಗೆಗೆ ಒಂದು ಕೋಣೆ ಇದ್ದರೆ ದಯವಿಟ್ಟು ತಿಳಿಸಿ. ಉತ್ತರದ ಕಡೆ ಕಿಟಕಿ ಇದ್ದರೆ ಇನ್ನೂ ಒಳ್ಳೆಯದು.